ಮುಂಡರಗಿ ಬಸ್ಸಿಗೆ ಬಂದ ಕೌದಿ

ಡಿಸೆಂಬರ್ ಹತ್ತಿರ ಬಂತೆಂದರೆ ಬೆಟಗೇರಿಯ ಮಾಳಿಗೆಗಳ ಮೇಲೆ ಟ್ರಂಕಿನೊಳಗಿನ ಹೊದಿಕೆಗಳೆಲ್ಲ ಬಿಸಿಲಿಗೆ ಬೀಳುತ್ತವೆ. ಮೊನ್ನೆ ನಾನೂ ನಮ್ಮವನ್ನು ಹೊತ್ತುಕೊಂಡು ಮೇಲೆ ಹೋಗಿದ್ದೆ. ಮೊಣಕಾಲು ಈಗ ಮೊದಲಿನ ಹಾಗೆ ಮಾತು ಕೇಳುವುದಿಲ್ಲ. ಒಂದೊಂದು ಮೆಟ್ಟಿಲಿಗೂ ದೇವರ ಹೆಸರು ಹೇಳಿ ಹತ್ತಬೇಕು. ದೊಡ್ಡ ಕೌದಿಗಳನ್ನೆಲ್ಲ ಹರವಿ, ಕಡೆಗೆ ಒಂದು ಸಣ್ಣ ಕೌದಿಯನ್ನು ಕೊಡವಿದೆ. ಬೇವಿನೆಲೆ, ಹಳೇ ಹತ್ತಿ ಸೀರೆ, ಒಲೆಯ ಹೊಗೆ ಎಲ್ಲ ಕೂಡಿದ ವಾಸನೆ ಮೂಗಿಗೆ ಬಂತು. ಅದರೊಳಗೆ ಜೋಳದ ರೊಟ್ಟಿಯ ವಾಸನೆಯೂ ಇದೆ ಎಂದರೆ ನಮ್ಮ ಮನೆಯವರು ನಗುತ್ತಾರೆ. ಇಷ್ಟು ವರ್ಷದ ಮೇಲೆ ಎಂಥಾ ರೊಟ್ಟಿ, ಎಂಥಾ ವಾಸನೆ ಅನ್ನುತ್ತಾರೆ. ಆದರೆ ಇರುವೆಗಳು ನನ್ನ ಕಡೆಗಿವೆ. ಬಿಸಿಲಿಗೆ ಹಾಕಿ ಸ್ವಲ್ಪ ಹೊತ್ತಾಗುವುದರೊಳಗೆ ಸಾಲು ಹಿಡಿದು ಬಂದು, ನಡುವಿನ ಕೆಂಪು ತೇಪೆಯ ಸುತ್ತಲೇ ತಿರುಗಾಡುತ್ತವೆ.

ಎಳೆಗೂಸಿಗೆ ಹೊದಿಸುವಷ್ಟೇ ಅಳತೆಯ ಕೌದಿ ಅದು. ಯಾವ ಕೂಸಿಗೂ ಹೊದಿಸಿದ್ದಲ್ಲ.

ಆ ವರ್ಷ ಮಳೆ ಹೋಗಲು ಮನಸ್ಸು ಮಾಡಿರಲಿಲ್ಲ. ಮಾನೌಮಿ ಮುಗಿದರೂ ಕಪ್ಪತಗುಡ್ಡದ ಕಡೆಯಿಂದ ಮೋಡ ಏರಿ ಬರುತ್ತಲೇ ಇತ್ತು. ಉಳ್ಳಾಗಡ್ಡಿ ಹೊಲದಲ್ಲೇ ಕೊಳೆಯಿತು ಎಂದು ಸಂತೆಗೆ ಬಂದವರು ಹೇಳುತ್ತಿದ್ದರು. ಅಂಥ ಒಂದು ಮಳೆಯ ಮಧ್ಯಾಹ್ನ ನಮ್ಮ ರೂತಳಿಗೆ ನೋವು ಶುರುವಾಯಿತು. ರೂತ್ ನಮ್ಮ ಒಬ್ಬಳೇ ಮಗಳು. ಮುಂಡರಗಿಗೆ ಕೊಟ್ಟಿದ್ದೆವು, ಅಳಿಯ ಅಲ್ಲಿ ಶಾಲೆಯ ಮಾಸ್ತರ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು ಇನ್ನೂ ಪೆಟ್ಟಿಗೆಯೊಳಗಿನ ಬಟ್ಟೆ ತೆಗೆದು ಇಟ್ಟಿರಲಿಲ್ಲ. ತಿಂಗಳು ತುಂಬಲು ಇನ್ನೂ ದಿನಗಳಿದ್ದವು. ಗದಗಿನ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಸಣ್ಣದಿತ್ತು, ಆದರೆ ಅತ್ತಿತು. ನಮ್ಮ ಮನೆಯವರು ಪ್ರೆಸ್ಸಿನಲ್ಲಿ ಆಯುಷ್ಯವೆಲ್ಲ ಅಕ್ಷರ ಜೋಡಿಸಿದವರು, ಬಾಯಿಂದ ಮಾತು ಹೊರಡುವುದು ಅಪರೂಪ. ಅವತ್ತು ಮಾತ್ರ ದವಾಖಾನೆಯ ಪಡಸಾಲೆಯಲ್ಲಿ ನಿಂತು ಫೋನಿನೊಳಗಿದ್ದ ಎಲ್ಲ ನಂಬರುಗಳಿಗೂ ಖಬರು ಮುಟ್ಟಿಸಿದರು. ನಾನು ಹುಟ್ಟಿದೂರು ಹಿರೇವಡ್ಡಟ್ಟಿಗೂ ಮುಟ್ಟಿಸಿದರು.

ವಾರ ತುಂಬುವುದರೊಳಗೆ ಕೂಸು ಹೋಯಿತು. ಡಾಕ್ಟರು ಕೈಲಾದದ್ದೆಲ್ಲ ಮಾಡಿದ್ದರು. ಯಾರ ಮೇಲೂ ತಪ್ಪು ಹೇಳುವಂಥದ್ದಲ್ಲ. ರೂತ್ ಇನ್ನೂ ಏಳುವ ಹಾಗಿರಲಿಲ್ಲ. ಅಳಿಯ, ನಮ್ಮ ಮನೆಯವರು, ಪಾದ್ರಿಗಳು ಕೂಡಿ ಮಣ್ಣು ಮಾಡಿ ಬಂದರು. ಪ್ರಾರ್ಥನೆಯ ಹೊತ್ತಿಗೆ ಪಾದ್ರಿಗಳು ಕೂಸಿನ ಹೆಸರೇನು ಎಂದು ಕೇಳಿದರಂತೆ. ಹೆಸರು ಇಟ್ಟಿರಲಿಲ್ಲ. ರೂತಳ ಕೂಸು ಎಂದು ಹೇಳಿಯೇ ಮುಗಿಸಿದರಂತೆ.

ಬಾಣಂತಿಯನ್ನು ಕೂಸಿಲ್ಲದೆ ಮನೆಗೆ ಕರೆದುಕೊಂಡು ಬಂದೆ. ಕೂಸು ಇರಲಿ ಬಿಡಲಿ, ಮೈ ಬಾಣಂತಿಯದೇ. ಎಣ್ಣೆ ಹಚ್ಚಿ ಬಿಸಿನೀರು ಎರೆದೆ, ತಲೆಗೆ ಬಟ್ಟೆ ಕಟ್ಟಿದೆ, ಮಂಚದ ಕೆಳಗೆ ಕೆಂಡ ಇಟ್ಟೆ. ಎಲ್ಲ ಕೈಗಳಿಗೆ ಗೊತ್ತಿದ್ದ ಕೆಲಸ; ಅವು ಮಾಡುತ್ತ ಹೋದವು. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಹಾಲು ಕಟ್ಟಿಕೊಂಡಿತು. ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿದರೆ ಹಾಲು ಇಂಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಲ್ಲಿಗೆಯ ಕಾಲವಲ್ಲ. ಮಾರ್ಕೆಟ್ಟಿನ ತುಂಬ ತಿರುಗಿ, ಲಕ್ಷ್ಮೇಶ್ವರದ ಕಡೆಯಿಂದ ಬಂದಿದ್ದ ಒಂದಿಷ್ಟನ್ನು ಹುಡುಕಿ ತೆಗೆದುಕೊಂಡೆ. ಹೂವಿನವಳು ಅಳೆದು ಕೊಡುತ್ತ, ಯಾರದರಿ ಅಕ್ಕಾರ ಲಗ್ನ ಎಂದು ಕೇಳಿದಳು. ಮಗಳದು ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಛಲೋ ಆಗಲಿ ಎಂದು ಒಂದು ಮೊಳ ಹೆಚ್ಚಿಗೆ ಹಾಕಿದಳು.

ರೂತ್ ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೇ. ಗಂಜಿ ಕೊಟ್ಟರೆ ಎರಡು ಚಮಚ, ಆಮೇಲೆ ಬಾಯಿ ಮುಚ್ಚಿಬಿಡುವಳು. ಬಾಣಂತಿಯ ಮೈಗೆ ಬಲ ಬರಲೆಂದು ಅಂಟಿನುಂಡಿ ಮಾಡಿಟ್ಟೆ, ಮುಟ್ಟಲಿಲ್ಲ. ಶನಿವಾರಕ್ಕೊಮ್ಮೆ ಅಳಿಯ ಬಂದು ಮಂಚದ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಸೋಮವಾರ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದ. ಮತ್ತೊಮ್ಮೆ ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಮೈಯಲ್ಲಿ ರಕ್ತವೇ ಇಲ್ಲ, ಹೀಗೇ ಉಣ್ಣದೆ ಇದ್ದರೆ ಮತ್ತೆ ಸೇರಿಸಬೇಕಾಗುತ್ತದೆ, ಆಮೇಲೆ ಏನಾಗುತ್ತದೆ ನನಗೂ ಹೇಳಲು ಬರುವುದಿಲ್ಲ ಎಂದರು. ಕೂಸು ಹೋದದ್ದಾಯಿತು, ಈಗ ಕೂಸಿನ ತಾಯಿಯೂ ಹೊರಟಿದ್ದಾಳೆ ಎಂದು ನನಗೆ ತಿಳಿಯಿತು. ತಿಳಿಯಿತು ಅಷ್ಟೇ. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಆಟೋದಲ್ಲಿ ಕೂತು ಬರುವಾಗ, ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ನೆನಪಾಯಿತು.

ಆಗ ಶುರುವಾಯಿತು ಆಗಮನ ಕಾಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಬರುವಾತನ ದಾರಿ ಕಾಯುವುದು ಎಂದು ಇದರ ಅರ್ಥ. ನಮ್ಮ ಚರ್ಚಿನಲ್ಲಿ ಕಬ್ಬಿಣದ ಬಳೆಗೆ ಅಶೋಕದ ಎಲೆ, ಬೇವಿನೆಲೆ ಸುತ್ತಿ ನಾಲ್ಕು ಮೇಣದಬತ್ತಿ ನಿಲ್ಲಿಸುತ್ತಾರೆ. ವಾರಕ್ಕೊಂದು ಬತ್ತಿ, ಬತ್ತಿಗೊಂದು ಮನೆತನ. ಮೂರನೆಯದು ಸಂತೋಷದ ಬತ್ತಿ. ಅದು ಮೊದಲಿನಿಂದಲೂ ನಮ್ಮ ಮನೆಯದು. ನನ್ನ ಮಾವನವರ ಕಾಲದಿಂದ ನಾವೇ ಹಚ್ಚಿಕೊಂಡು ಬಂದದ್ದು. ಈ ವರ್ಷ ಬೇರೆಯವರಿಗೆ ಹೇಳೋಣವೇನು ಎಂದು ಪಾದ್ರಿಗಳು ಮೆತ್ತಗೆ ಕೇಳಿದರು. ನಮ್ಮ ಮನೆಯವರು ಬ್ಯಾಡ್ರಿ, ನಾವ ಹಚ್ತೇವಿ ಅಂದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಬತ್ತಿ ಹಚ್ಚುವುದೂ ಒಂದೇ, ಒಲೆ ಹಚ್ಚುವುದೂ ಒಂದೇ ಆಗಿತ್ತು ನನಗೆ.

ಈ ಕಾಲದ ಪಾಠಗಳೆಲ್ಲ ಕೂಸಿನವು. ಕೂಸು ಹುಟ್ಟುವುದು, ಕೂಸನ್ನು ಬಟ್ಟೆಯಲ್ಲಿ ಸುತ್ತುವುದು, ಗೋದಲಿಯಲ್ಲಿ ಮಲಗಿಸುವುದು. ನಮ್ಮನ್ನು ಕಂಡು ಸಭೆಯವರಿಗೆ ಕಷ್ಟವಾಯಿತು. ನಾನು ಒಳಗೆ ಬಂದು ಕೂತ ಕೂಡಲೇ ಪಕ್ಕದ ಬೆಂಚಿನ ಹುಡುಗಿ ತನ್ನ ಕೂಸನ್ನು ಎತ್ತಿಕೊಂಡು ಹಿಂದಿನ ಸಾಲಿಗೆ ಹೋಗುವಳು. ಪಾದ್ರಿಗಳು ಉಪದೇಶದ ನಡುವೆ ನಮ್ಮ ಕಡೆ ನೋಡಿ, ಕೂಸು ಅನ್ನುವಲ್ಲಿ ರಕ್ಷಕನು ಎಂದು ತಿದ್ದಿಕೊಳ್ಳುವರು. ಸಂಜೆ ಮನೆಮನೆಗೆ ಹಾಡುತ್ತ ಬರುವ ಹುಡುಗರು ನಮ್ಮ ಓಣಿ ಬಂದ ಕೂಡಲೇ ತಬಲಾ ನಿಲ್ಲಿಸಿ, ಚಪ್ಪಲಿ ಸಪ್ಪಳವಾಗದ ಹಾಗೆ ದಾಟಿ ಹೋದರು. ಗೋಡೆಗೆ ಗೋಡೆ ಹತ್ತಿದ ಮನೆ ಹುಸೇನಬಿಯದು. ಅವಳ ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಚಳಿಗಾಲ ಅಂದರೆ ಅವನಿಗೆ ಸುಗ್ಗಿ. ಬಾಣಂತಿ ಮಲಗಿರುತ್ತಾಳೆ ಎಂದು ಮಧ್ಯಾಹ್ನವೆಲ್ಲ ಅವನು ಹಿಂಜುವ ಮಷಿನ್ನು ಬಂದ್ ಇಡುತ್ತಿದ್ದ. ಎಲ್ಲವೂ ಪ್ರೀತಿಯೇ. ಅದನ್ನು ಈಗ ಲೆಕ್ಕ ಹಚ್ಚಿ ಹೇಳುತ್ತೇನೆ, ಆಗ ಕಾಣಲಿಲ್ಲ. ಆಗ ಕಂಡದ್ದು ಇಷ್ಟೇ: ನಮ್ಮ ಮನೆಯ ಸುತ್ತ ಸಪ್ಪಳವೇ ಇರಲಿಲ್ಲ, ಆ ಕೂಸು ಹುಟ್ಟಿಯೇ ಇರಲಿಲ್ಲವೇನೋ ಅನ್ನುವ ಹಾಗೆ.

ಇನ್ನು ನೀಲವ್ವ ಚಿಗವ್ವನ ಮಾತು ಹೇಳಬೇಕು.

ನಮ್ಮಪ್ಪ ಹಿರೇವಡ್ಡಟ್ಟಿಯಲ್ಲಿ ಸಾಲಿಮಾಸ್ತರರಾಗಿದ್ದಾಗ ನಾನು ಹುಟ್ಟಿದ್ದು. ಊರಲ್ಲಿ ನಮ್ಮದೊಂದೇ ಕ್ರಿಸ್ತರ ಮನೆ. ಬಗಲಿನ ಮನೆ ಒಕ್ಕಲುತನದವರದು, ಲಿಂಗಾಯತರು. ಆ ಮನೆಗೆ ಆಗತಾನೇ ಸೊಸೆಯಾಗಿ ಬಂದಿದ್ದ ನೀಲವ್ವ ನನಗೆ ಎರೆದು, ಕಾಲ ಮೇಲೆ ಹಾಕಿಕೊಂಡು ಬೆಳೆಸಿದಳು. ರಕ್ತಸಂಬಂಧವಲ್ಲ, ಆದರೂ ಚಿಗವ್ವ, ಅವ್ವನ ತಂಗಿಯ ಹಾಗೆ. ನನಗೆ ಮಾತು ಕಲಿಸಿದವಳೂ ಅವಳೇ, ಬೈಗುಳವನ್ನೂ ಸೇರಿಸಿ. ನಮ್ಮ ಮನೆಯಲ್ಲಿ ಕೂಸು ಹುಟ್ಟಿದ ಖಬರು ಹೋದರೆ ಸಾಕು, ಅವಳು ಹಳೇ ಸೀರೆ ಹರಿದು ಕೌದಿಗೆ ಕೂಡುತ್ತಿದ್ದಳು. ನನಗೆ ಹೊಲಿದಳು, ನನ್ನ ತಮ್ಮಂದಿರಿಗೆ ಹೊಲಿದಳು, ರೂತಳಿಗೆ ಹೊಲಿದಳು. ಅವಳ ಕೌದಿಗೆ ಒಂದು ಕಟ್ಟಳೆ ಇತ್ತು. ಎಲ್ಲ ಮುಗಿಸಿ, ನಟ್ಟನಡುವಿನ ಒಂದು ತೇಪೆಯನ್ನು ಮೂರು ಬದಿ ಹೊಲಿದು ಒಂದು ಬದಿ ಬಿಡುವಳು. ಕೌದಿ ಯಾರ ಮನೆಗೆ ಹೋಗುತ್ತದೋ ಆ ಮನೆಯ ಒಲೆಯ ಮೇಲೆ ಬೆಂದ ರೊಟ್ಟಿಯ ಚೂರನ್ನು ಕೂಸಿನ ತಾಯಿ ಅದರೊಳಗೆ ಇಟ್ಟು, ಬಾಯಿ ಹೊಲಿದು ಮುಚ್ಚಬೇಕು. ಸಣ್ಣವಳಿದ್ದಾಗ ನಾನು ಯಾಕೆಂದು ಕೇಳಿದ್ದೆ. ಮನೆಗೆ ಬಂದವರನ್ನು ಯಾರಾದರೂ ಉಪವಾಸ ಇಡುತ್ತಾರೇನು, ಕೌದಿಯೂ ಮನೆಗೆ ಬರುವುದೇ ಅಲ್ಲವೇ, ಹಸಿದ ಕೌದಿ ಬೆಚ್ಚಗೆ ಇಡುವುದಿಲ್ಲ ಎಂದು ಅವಳು ನನಗೇ ತಿರುಗಿ ಕೇಳಿದ್ದಳು.

ಕೂಸು ಹುಟ್ಟಿದ್ದು ಅವಳಿಗೆ ಗೊತ್ತಾಗಿತ್ತು. ಹೋದದ್ದು ಗೊತ್ತಾಗಿರಲಿಲ್ಲ. ನಮ್ಮ ಕಡೆ ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಒಬ್ಬರು ಹೋಗಿ, ಕೂತು, ನೀರು ಕುಡಿದು ಹೇಳಬೇಕು. ಮುಂಡರಗಿಯಿಂದ ಹತ್ತಿರ, ಅಳಿಯ ಹೋಗಿ ಬಂದಿರುತ್ತಾನೆ ಎಂದು ನಾನು ತಿಳಿದಿದ್ದೆ. ಮಾವನವರು ಹೇಳಿರುತ್ತಾರೆ ಎಂದು ಅಳಿಯ ತಿಳಿದಿದ್ದ. ನಾನು ನನ್ನ ಚಿಗವ್ವನಿಗೆ ಹೇಳದೆ ಇರುತ್ತೇನೆಯೇ ಎಂದು ನಮ್ಮ ಮನೆಯವರು. ಮೂವರೂ ಆ ಮಾತನ್ನು ಬಾಯಿಗೆ ತೆಗೆದುಕೊಳ್ಳಲಾರದೆ ಇನ್ನೊಬ್ಬರ ಬಾಯಿಗೆ ಬಿಟ್ಟಿದ್ದೆವು.

ಮೂರನೆಯ ಭಾನುವಾರ ಮಳೆಯೆಲ್ಲ ಹೋಗಿ ಚಳಿ ಕಚ್ಚುತ್ತಿತ್ತು. ಓಣಿಯ ತುದಿಗೆ ಮಂಜು ಇನ್ನೂ ಕರಗಿರಲಿಲ್ಲ. ಆ ವಾರ ಶಾಲೆಯ ಕೆಲಸವಿದ್ದು ಅಳಿಯ ಬಂದಿರಲಿಲ್ಲ. ಬೆಳಿಗ್ಗೆ ನಾಲ್ಕು ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು, ರೂತಳ ಹತ್ತಿರ ಹುಸೇನಬಿಯನ್ನು ಕೂಡಿಸಿ ನಾವಿಬ್ಬರೂ ಚರ್ಚಿಗೆ ಹೋದೆವು. ಹೆಸರು ಕರೆದಾಗ ಎದ್ದು ಮುಂದೆ ಹೋಗಿ ಕಡ್ಡಿ ಗೀರಿದೆ. ಬತ್ತಿ ಹತ್ತಿಕೊಂಡಿತು. ಪಾದ್ರಿಗಳು ಸಂತೋಷದ ವಾಕ್ಯ ಓದುತ್ತಿದ್ದರು. ನಾನು ಕಡ್ಡಿ ಹಿಡಿದುಕೊಂಡೇ ನಿಂತಿದ್ದೆ. ನಮ್ಮ ಮನೆಯವರು ನನ್ನ ಕೈ ಹಿಡಿದು ಕೊಡವಿದಾಗಲೇ ಗೊತ್ತಾದದ್ದು, ಕಡ್ಡಿ ಉರಿದು ಬೆರಳ ತುದಿಗೆ ಬಂದು ಆರಿತ್ತು. ಬೆರಳು ಸುಟ್ಟು ಬೆಳ್ಳಗಾಗಿತ್ತು. ಮುಂದಿನ ಸಾಲಿನವರು ಸ್ಸ್ ಎಂದರು. ನನಗೆ ಏನೂ ಆಗಲಿಲ್ಲ. ವಾಪಸ್ ಬಂದು ಕೂತು, ಯಾರದೋ ಬೆರಳು ನೋಡಿದ ಹಾಗೆ ಅದನ್ನು ನೋಡಿದೆ.

ಮನೆಗೆ ಬಂದರೆ ನಮ್ಮ ಕಟ್ಟೆಯ ಮೇಲೆ ಇಳಕಲ್ ಸೀರೆಯ ಮುದುಕಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಾಳೆ. ತೊಡೆಯ ಮೇಲೆ ಚೀಲ. ಬಾಗಿಲಲ್ಲಿ ಹುಸೇನಬಿ, ದಾರಿಗೆ ಅಡ್ಡ ನಿಂತ ಹಾಗೆ ನಿಂತು, ನನ್ನನ್ನು ನೋಡಿ ಕಣ್ಣಲ್ಲೇ ಏನೋ ಹೇಳುತ್ತಿದ್ದಾಳೆ. ನೀಲವ್ವ ಚಿಗವ್ವನಿಗೆ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ನಮ್ಮ ಸಪ್ಪಳ ಹಿಡಿದೇ ಮುಖ ತಿರುಗಿಸಿದಳು.

"ಬಂದ್ಯಾ? ಎಷ್ಟೊತ್ತಬೇ ನಿಮ್ಮ ಪೂಜಿ? ನಿಮ್ಮ ದೇವ್ರು ಭಾಳ ಮಾತಾಡ್ತಾನ."

ಒಬ್ಬಳೇ ಬಂದೆಯಾ ಎಂದು ಕೇಳಿದೆ.

"ಒಬ್ಬಾಕಿ ಯಾಕ, ಇದೂ ಐತೆಲಾ," ಎಂದು ಚೀಲ ತಟ್ಟಿದಳು. "ಕಂಡಕ್ಟರ್ ಚೀಲ ಕೆಳಗಿಡಬೇ ಮುದುಕಿ ಅಂದ. ಕೂಸಿನ ಕೌದಿ ಐತೋ ತಮ್ಮಾ, ನೆಲಕ್ಕ ಇಡಾಕ ಬರೂದಿಲ್ಲ ಅಂದೆ. ತಾ ಎದ್ದು ನಿಂತು ತನ್ನ ಸೀಟು ಕೊಟ್ಟ. ಮುಂಡರಗಿಯಿಂದ ಇಲ್ಲೀ ಮಟ ರಾಣಿಯಂಗ ಬಂದೀನಿ."

ರೂತಳ ದೀಕ್ಷಾಸ್ನಾನ ಆಗಿದ್ದು ಕ್ರಿಸ್ಮಸ್ ದಿನ. ಅವತ್ತು ಚಿಗವ್ವ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದಳು. ನಮ್ಮವರು ಕೂಸುಗಳಿಗೆ ಹೆಸರಿಡುವುದು ಆ ಹಬ್ಬಕ್ಕೇ ಎಂದು ಅಂದಿನಿಂದ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅದಕ್ಕೇ ಇಷ್ಟು ದಿನ ಸುಮ್ಮನಿದ್ದು, ಕಣ್ಣು ಕಾಣದ್ದಕ್ಕೆ ಬೆರಳಿನಿಂದಲೇ ತಡವಿ ತಡವಿ ಹೊಲಿದು ಮುಗಿಸಿ, ಹಬ್ಬಕ್ಕೆ ಮೊದಲು ಮುಟ್ಟಿಸಬೇಕೆಂದು ಬಂದಿದ್ದಳು.

ನಾನು ನಮ್ಮ ಮನೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಯಾರೂ ಹೇಳಿಲ್ಲ ಎಂಬುದು ಇಬ್ಬರಿಗೂ ಒಮ್ಮೆಲೇ ತಿಳಿಯಿತು. ಅವರು, ಒಳಗ ಬರ್ರಿ ಚಿಗವ್ವಾರ, ಮೊದ್ಲ ಚಾ ಕುಡೀರಿ ಅಂದರು.

"ಚಾ ಎಲ್ಲಿ ಓಡಿ ಹೊಕ್ಕೈತಿ ಬಿಡೋ. ಕೂಸು ಮಲಗೇತೇನು?" ಎನ್ನುತ್ತ ಅವಳು ಆಗಲೇ ಎದ್ದಾಗಿತ್ತು. ಹುಸೇನಬಿ ಸರಿದು ದಾರಿ ಕೊಟ್ಟಳು. ಮನೆ ಚಿಗವ್ವನಿಗೆ ಗೊತ್ತಿದ್ದದ್ದೇ. ಗೋಡೆ ಹಿಡಿದುಕೊಂಡು ಪಡಸಾಲೆ ದಾಟಿ ನಡುಮನೆಯ ಮಂಚದ ಹತ್ತಿರ ಹೋದಳು. ನಾನು ಹಿಂದೆ ಹಿಂದೆ ಹೋದೆ. ಬಾಯಿ ತೆರೆಯಬೇಕು, ಈಗ ಹೇಳಬೇಕು, ಈಗ ಹೇಳಬೇಕು ಎಂದು ನನ್ನೊಳಗೆ ನಾನೇ ಅಂದುಕೊಳ್ಳುತ್ತಿದ್ದೆ. ಬಾಯಿ ಮರದ್ದಾಗಿತ್ತು.

ರೂತ್ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿದ್ದಳು. ಚಿಗವ್ವ ಮಂಚದ ಅಂಚಿಗೆ ಕೂತು, ಬಾಣಂತಿಯ ಬಗಲಿಗೆ ಕೂಸು ಮಲಗುವ ಜಾಗದಲ್ಲಿ ಕೈ ಇಟ್ಟಳು. ಎಬ್ಬಿಸಬಾರದೆಂದು ಹಗುರಾಗಿ ತಡವಿದಳು. ದಿಂಬಿನ ಹತ್ತಿರ, ಹೊದಿಕೆಯ ಮೇಲೆ, ಹೊದಿಕೆಯ ಕೆಳಗೆ. ಸಿಗಲಿಲ್ಲ. ಆ ಕೈ ಮತ್ತೆ ಮೊದಲಿನ ಜಾಗಕ್ಕೆ ಬಂತು.

"ತೊಟ್ಟಿಲದಾಗ ಹಾಕೀರೇನ?" ಅಂದಳು.

ರೂತಳ ಕೈ ಹೊದಿಕೆಯಿಂದ ಹೊರಗೆ ಬಂದು ಆ ಹುಡುಕುವ ಕೈಯನ್ನು ಹಿಡಿಯಿತು.

"ಕೂಸು ಇಲ್ಲಬೇ ಆಯಿ," ಅಂದಳು. "ಹೋತು."

ಎಷ್ಟೋ ವಾರದ ಮೇಲೆ ಕೇಳಿದ ಧ್ವನಿ. ಒಣಗಿ ಬಿರಿದ ಹಾಗಿತ್ತು. ಚಿಗವ್ವ ಕೈ ಬಿಡಿಸಿಕೊಳ್ಳಲಿಲ್ಲ. ಅಯ್ಯೋ ಅನ್ನಲಿಲ್ಲ. ಬಾಗಿಲ ಕಡೆ, ಬೆಳಕಿನ ಕಡೆ ಮುಖ ತಿರುಗಿಸಿದಳು. ಆಮೇಲೆ ನಾವು ಯಾರೂ ಕೇಳದ್ದನ್ನು ಕೇಳತೊಡಗಿದಳು. ಹೊಲದ ಬೆಳೆ ಕೇಳುವ ಧ್ವನಿಯಲ್ಲೇ ಕೇಳಿದಳು.

"ಹಾಲು ಕುಡೀತಿತ್ತೇನವಾ?"

"ಎರಡು ಸಲ. ಬಾಯಾಗ ಹಿಡಕೊಂತಿತ್ತು, ಬಿಡ್ತಿರಲಿಲ್ಲ."

"ಯಾರಂಗಿತ್ತು?"

"ಅವರಪ್ಪನಂಗ. ಮೂಗು ಅಷ್ಟ ನಮ್ಮವ್ವಂದು."

ನಾನು ಬಾಗಿಲಿಗೆ ಆತು ನಿಂತಿದ್ದೆ. ನನ್ನ ಕೈ ನನಗೆ ಗೊತ್ತಿಲ್ಲದೆ ನನ್ನ ಮೂಗಿಗೆ ಹೋಗಿತ್ತು. ದವಾಖಾನೆಯಲ್ಲಿ ಗಾಜಿನ ಆಚೆಯಿಂದ ನಾನು ಆ ಕೂಸನ್ನು ನೋಡಿದ್ದೆ. ನಳಿಗೆಗಳು ಕಂಡಿದ್ದವು, ಮೂಗು ಕಂಡಿರಲಿಲ್ಲ.

"ಹೆಸರು ಏನ್ ಇಡಬೇಕಂತಿದ್ದಿ?"

ರೂತ್ ಹೇಳುವುದಿಲ್ಲ ಎಂದುಕೊಂಡೆ. ಹೆಸರು ಇತ್ತೆಂದೇ ನಮಗೆ ಗೊತ್ತಿರಲಿಲ್ಲ. ಅಳಿಯನಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

"ಹನ್ನಾ," ಅಂದಳು. "ನಾ ಒಬ್ಬಾಕಿ ಕರೀತಿದ್ದೆ. ನರ್ಸ್ ಹೊರಗ ಹೋದಾಗ."

"ಹನ್ನಾ," ಎಂದು ಚಿಗವ್ವ ಅಂದು ನೋಡಿದಳು. ಆ ಹೆಸರು ಅವಳಿಗೆ ಹೊಸದು. ಮತ್ತೊಮ್ಮೆ ತನ್ನ ಬಾಯಿಗೆ ಹೊಂದುವ ಹಾಗೆ ಅಂದಳು. "ಹನ್ನವ್ವ. ಛಲೋ ಐತಿ. ಬಾಯಿ ತುಂಬತೈತಿ."

ಆಗ ಅವಳ ಮಂಜುಗಣ್ಣಿನಿಂದ ನೀರು ಇಳಿಯಿತು. ಸಪ್ಪಳವಿಲ್ಲ, ಏನಿಲ್ಲ. ಸುಕ್ಕಿನ ಗುಂಟ ಇಳಿದು ಗದ್ದಕ್ಕೆ ಬಂತು. ರೂತ್ ಮೊಣಕೈ ಊರಿ ಎದ್ದು ಕೂತು, ತನ್ನ ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಇಷ್ಟು ದಿನ ನಾವೆಲ್ಲ ಕೂಡಿ ಎಬ್ಬಿಸಲಾರದವಳು ಮುದುಕಿಯ ಕಣ್ಣು ಒರೆಸಲು ಎದ್ದು ಕೂತಳು.

ಆಗಮನ ಕಾಲ ಅಂದರೆ ದಾರಿ ಕಾಯುವ ಕಾಲ ಎಂದು ಹೇಳಿದೆನಲ್ಲ. ನಾನು ಆ ವರ್ಷ ಏನನ್ನೂ ಕಾದಿರಲಿಲ್ಲ. ಕಾದಿದ್ದರೂ ಚರ್ಚಿನ ಕಡೆ ಮುಖ ಮಾಡಿ ಕಾಯುತ್ತಿದ್ದೆ. ದೇವರ ಕರುಣೆ ಬರುವುದಿದ್ದರೆ ಪಾದ್ರಿಗಳ ಬಾಯಿಂದಲೋ, ನಾಲ್ಕು ಜನ ಕೂಡಿ ಮಾಡುವ ಪ್ರಾರ್ಥನೆಯಿಂದಲೋ ಬಂದೀತು ಎಂದು ತಿಳಿದವಳು ನಾನು. ಅದು ಮುಂಡರಗಿ ಬಸ್ಸಿಗೆ ಬಂತು. ನಾವು ಮೂವರು ಮಾಡಿದ ತಪ್ಪನ್ನೇ ದಾರಿ ಮಾಡಿಕೊಂಡು ಬಂತು. ಚಿಗವ್ವನಿಗೆ ಸುದ್ದಿ ಗೊತ್ತಾಗಿದ್ದರೆ ಅವಳೂ ನಮ್ಮೆಲ್ಲರ ಹಾಗೆ ಜಾಣತನದಿಂದ ಸುಮ್ಮನಿರುತ್ತಿದ್ದಳು. ಗೊತ್ತಿಲ್ಲದ್ದಕ್ಕೇ ಕೂಸು ಎಲ್ಲಿ ಎಂದು ಕೇಳಿದಳು. ಆ ಒಂದು ಮಾತಿಗಾಗಿ ರೂತ್ ಅಷ್ಟು ದಿನ ಗೋಡೆ ನೋಡುತ್ತ ಕಾಯುತ್ತಿದ್ದಳೋ ಏನೋ. ಇದನ್ನು ಕರುಣೆ ಎಂದು ಅವತ್ತು ನಾನು ಗುರುತಿಸಲಿಲ್ಲ. ಕರುಣೆ ಇಷ್ಟು ನೋಯಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ ನನಗೆ.

ಚಿಗವ್ವ ಮೂಗು ಒರೆಸಿಕೊಂಡು ಚೀಲ ಬಿಚ್ಚಿದಳು. ಕೌದಿಯನ್ನು ರೂತಳ ತೊಡೆಯ ಮೇಲೆ ಹರವಿದಳು. ನನ್ನ ಅಪ್ಪ ಎಂದೋ ಅವರ ಮನೆಯಲ್ಲಿ ಬಿಟ್ಟು ಬಂದಿದ್ದ ಧೋತರದ ಬಿಳಿ ತುಂಡು, ಅವಳ ಸೀರೆಗಳ ಹಸಿರು, ಹಳದಿ, ರೂತಳ ಸಣ್ಣಂದಿನ ಒಂದು ಹೂವಿನ ಫ್ರಾಕು. ಹೊಲಿಗೆಯ ಸಾಲು ಅಲ್ಲಲ್ಲಿ ದಾರಿ ತಪ್ಪಿ, ಮತ್ತೆ ದಾರಿಗೆ ಬಂದಿತ್ತು. ನಡುವೆ ಕೆಂಪು ಖಣದ ತೇಪೆ, ಮೂರು ಬದಿ ಮುಚ್ಚಿ ಒಂದು ಬದಿ ಬಾಯಿ ತೆರೆದುಕೊಂಡಿತ್ತು. ಅಲ್ಲೇ ದಾರ ಪೋಣಿಸಿದ ಸೂಜಿ ಚುಚ್ಚಿಟ್ಟಿದ್ದಳು.

ಅದನ್ನು ನೋಡಿ ನಮ್ಮ ಮನೆಯವರು ಬಾಗಿಲಿನಿಂದಲೇ, ಇರಲಿ ಬಿಡ್ರಿ ಚಿಗವ್ವಾರ, ಒಳಗ ಇಡೋಣು ಅಂದರು. ತೊಟ್ಟಿಲನ್ನು ಅಟ್ಟಕ್ಕೆ ಏರಿಸಿದ ಹಾಗೆ, ಕೂಸಿನ ಬಟ್ಟೆ ಕಟ್ಟಿಟ್ಟ ಹಾಗೆ.

"ಹೆಂಗ ಇಡ್ತೀರಿ? ಬಾಯಿ ತೆಗದೈತಿ," ಅಂದಳು ಅವಳು. "ಹಸದ ಕೌದಿ ಮನ್ಯಾಗ ಇಡಬಾರದು. ಇದು ಹನ್ನವ್ವಂದು. ಆಕಿ ಇಲ್ಲಂದ್ರ ಆಕಿದಲ್ಲೇನು? ರೂತವ್ವಾ, ಏಳು. ಒಂದು ರೊಟ್ಟಿ ತಗೊಂಬಾ."

ನಾನು ಅಡುಗೆಮನೆಯ ಕಡೆ ತಿರುಗಿದೆ. ಸಪ್ಪಳದಿಂದಲೇ ಅವಳಿಗೆ ಗೊತ್ತಾಯಿತು.

"ನೀ ನಿಂದ್ರಬೇ ಅಲ್ಲೇ. ನೀ ತಂದ್ರ ನಡಿಯೂದಿಲ್ಲ. ಕೂಸಿನ ತಾಯಿ ತರಬೇಕು."

ಕೂಸಿನ ತಾಯಿ. ಆ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ರೂತ್ ಕಾಲು ಕೆಳಗೆ ಬಿಟ್ಟಳು. ತಲೆ ಸುತ್ತಿತೋ ಏನೋ, ಮಂಚದ ಪಟ್ಟಿ ಹಿಡಿದುಕೊಂಡು ನಿಂತಳು. ಹೋಗಿ ಹಿಡಿಯಲೇ ಎನ್ನುವ ಹಾಗೆ ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಗೋಡೆ ಹಿಡಿದುಕೊಂಡು, ಚಿಗವ್ವ ಬಂದ ಹಾಗೆಯೇ, ಅವಳು ಅಡುಗೆಮನೆಗೆ ಹೋದಳು. ಬುಟ್ಟಿಯ ಮುಚ್ಚಳ ಸರಿದ ಸಪ್ಪಳ ಕೇಳಿತು. ರೊಟ್ಟಿ ಹಿಡಿದುಕೊಂಡು ಬಂದು ಮಂಚದ ಮೇಲೆ ಕೂತಳು. ಒಂದು ಚೂರು ಮುರಿದು, ಕೆಂಪು ತೇಪೆಯ ಕೆಳಗೆ ಇಟ್ಟು, ಅಂಗೈಯಿಂದ ಒತ್ತಿದಳು. ಸೂಜಿ ಎತ್ತಿಕೊಂಡಳು. ಹೊಲಿಗೆ ಸೊಟ್ಟಗೆ ಬಿತ್ತು, ಚಿಗವ್ವ ಬೆರಳಾಡಿಸಿ ನೋಡಿ, ನನ್ನಕಿಂತ ಕುರುಡಿ ಅದೀ ನೀ ಎಂದು ಬೈದಳು. ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು ರೂತ್.

ಉಳಿದ ರೊಟ್ಟಿ ಅವಳ ಕೈಯಲ್ಲೇ ಇತ್ತು. ಅದನ್ನು ನೋಡಿದಳು. ಮುರಿದು ಬಾಯಿಗೆ ಹಾಕಿಕೊಂಡಳು. ಬೆಳಗಿನ ರೊಟ್ಟಿ, ಆರಿ ಗಟ್ಟಿಯಾಗಿತ್ತು. ಅಗಿಯುವ ಸಪ್ಪಳ ಆ ನಡುಮನೆಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ನಾವು ಮೂವರೂ, ಹುಸೇನಬಿಯನ್ನೂ ಸೇರಿಸಿ, ಬೇರೆ ಬೇರೆ ಕಡೆ ನೋಡುತ್ತ ನಿಂತೆವು, ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

ಆ ಹಬ್ಬಕ್ಕೆ ಅಳಿಯ ಬಂದು ಹೊಸ ವರ್ಷದ ಹೊತ್ತಿಗೆ ಅವಳನ್ನು ಕರೆದುಕೊಂಡು ಹೋದ. ಹೋಗುವ ಮೊದಲು ಪಾದ್ರಿಗಳನ್ನು ಕರೆದುಕೊಂಡು ಇಬ್ಬರೂ ಆ ಮಣ್ಣಿನ ಹತ್ತಿರ ಹೋಗಿ, ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದರು. ಚಿಗವ್ವ ಮರುವರ್ಷದ ಬೇಸಿಗೆಯಲ್ಲಿ ತೀರಿಕೊಂಡಳು. ಆ ಸುದ್ದಿಯನ್ನು ನಮಗೆ ಹೇಳಲು ಅವಳ ಮೊಮ್ಮಗ ಹಿರೇವಡ್ಡಟ್ಟಿಯಿಂದ ಬಂದು, ಕೂತು, ನೀರು ಕುಡಿದು ಹೇಳಿದ. ಮೂರನೆಯ ಭಾನುವಾರ ಬಂದರೆ ರೂತ್ ಈಗಲೂ ಮುಂಡರಗಿಯಿಂದ ಬರುತ್ತಾಳೆ. ಬತ್ತಿಯನ್ನು ಅವಳೇ ಹಚ್ಚುತ್ತಾಳೆ. ಕೌದಿ ನಮ್ಮ ಟ್ರಂಕಿನಲ್ಲೇ ಇರಲಿ ಎಂದಿದ್ದಾಳೆ. ಅವಳ ದುಃಖ ಹೋಯಿತೆಂದು ನಾನು ಹೇಳಲಾರೆ. ಅದಕ್ಕೆ ಒಂದು ಹೆಸರು ಸಿಕ್ಕಿತು, ಅಷ್ಟು ಹೇಳಬಲ್ಲೆ.

ಆದರೆ ಮೊನ್ನೆ ಮಾಳಿಗೆಯ ಮೇಲೆ ನನಗೆ ನೆನಪಾದದ್ದು ಇದೆಲ್ಲ ಅಲ್ಲ. ಅವತ್ತು ರೂತ್ ಎರಡನೇ ತುತ್ತು ಮುರಿದು, ಕೈಯಲ್ಲೇ ಹಿಡಿದು, ನನ್ನ ಕಡೆ ತಿರುಗಿ ಕೇಳಿದ್ದು.

"ಅವ್ವಾ, ಇದಕ್ಕ ಹಚ್ಚಿಕೊಳ್ಳಾಕ ಏನರ ಐತೇನು?"

ಶಾಲೆಯಿಂದ ಬಂದ ಹುಡುಗಿ ಕೇಳಿದ ಹಾಗೆ ಕೇಳಿದಳು. ನಾನು ಅಡುಗೆಮನೆಗೆ ಹೋದೆ. ಮೂಲೆಯಲ್ಲಿ ಕೆಂಪು ಮೆಣಸಿನಕಾಯಿಯ ಚಟ್ನಿಯ ಭರಣಿ. ಚಮಚ ಕಾಣಲಿಲ್ಲ, ಹುಡುಕುವಷ್ಟು ವ್ಯವಧಾನವೂ ಇರಲಿಲ್ಲ. ಬೆರಳನ್ನೇ ಹಾಕಿ ಬಳಿದೆ. ಬೆಳಿಗ್ಗೆ ಸುಟ್ಟುಕೊಂಡ ಬೆರಳು. ಖಾರ ಹತ್ತಿ, ಬೆರಳ ತುದಿಯಿಂದ ಮೊಣಕೈವರೆಗೆ ಉರಿ ಎದ್ದಿತು. ಕಣ್ಣಲ್ಲಿ ದಳದಳ ನೀರು ಬಂತು. ತಣ್ಣೀರಿನ ಕೊಡ ಪಕ್ಕದಲ್ಲೇ ಇತ್ತು, ಕೈ ಅದ್ದಲಿಲ್ಲ. ಭರಣಿ ಹಿಡಿದುಕೊಂಡು, ಉರಿಯುವ ಕೈಯನ್ನೇ ನೋಡುತ್ತ ನಿಂತುಬಿಟ್ಟೆ.

"ತರ್ತಿಯೋ ಇಲ್ಲೋ?" ಎಂದು ಒಳಗಿನಿಂದ ರೂತ್ ಕೂಗಿದಳು.

"ತಂದೆ ತಡಿಯವಾ," ಅಂದೆ.